ಟ್ಯಾಲಿ ಕ್ಲಾಸಿಗೆ ಈಗ ಅಂಗಡಿಯವರೂ ಬರ್ತಾರೆ

ಇವತ್ತು ದೊಡ್ಡ ಎಡ್‌ಟೆಕ್ ಕಂಪನಿಗಳ ಕಥೆ ಬೇಡ. ಬಸ್ ಸ್ಟ್ಯಾಂಡ್ ಪಕ್ಕ ಮೊದಲ ಮಹಡಿಯಲ್ಲಿ, ಹತ್ತು ಕಂಪ್ಯೂಟರ್ ಇಟ್ಟುಕೊಂಡು ನಡೆಯೋ ಟ್ಯಾಲಿ ಕ್ಲಾಸ್ ಬಗ್ಗೆ ಮಾತಾಡೋಣ. ಬಿ.ಕಾಂ. ಓದಿದ ನಮ್ಮಂಥವರಿಗೆಲ್ಲ ಅದು ಗೊತ್ತಿರೋ ಜಾಗವೇ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತಲ್ಲ, ಇಂಥ ಕ್ಲಾಸುಗಳಿಗೆ ಅದು ಸುಗ್ಗಿ. ವ್ಯಾಟ್ ಕಲಿತಿದ್ದ ಅಕೌಂಟೆಂಟುಗಳೂ ವಾಪಸ್ ಬಂದು ಬೆಂಚಲ್ಲಿ ಕೂತರು. ಆಮೇಲೆ 2020ರ ಲಾಕ್‌ಡೌನ್. ಬಾಗಿಲು ಮುಚ್ಚಿತು, ಬಾಡಿಗೆ ನಿಲ್ಲಲಿಲ್ಲ. ಅಷ್ಟರಲ್ಲಿ ಅದೇ ಪಾಠ ಯೂಟ್ಯೂಬಲ್ಲಿ ಫ್ರೀ, ಅದೂ ಕನ್ನಡದಲ್ಲೇ. ಇನ್ನು ಮೂರು ತಿಂಗಳ ಕೋರ್ಸಿಗೆ ದುಡ್ಡು ಕೊಟ್ಟು ಯಾರು ಬರ್ತಾರೆ?

ನನಗೆ ಪರಿಚಯದ ಮೇಷ್ಟ್ರೊಬ್ಬರು ಆ್ಯಪ್ ಮಾಡೋಕೆ ಹೋಗಲಿಲ್ಲ. ಒಳ್ಳೇದೇ ಆಯ್ತು ಅಂತೀನಿ ನಾನು.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿದೆಯಾ? ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ನೋ ಯುಪಿಐ, ಓನ್ಲಿ ಕ್ಯಾಶ್’ ಅಂತ ಬರೆದು ಅಂಟಿಸಿದ್ರು. ಸರಕು ಮಾರೋರು ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರು 20 ಲಕ್ಷ ವಹಿವಾಟು ದಾಟಿದ್ರೆ ನೋಂದಣಿ ಬೇಕು, ಸರಿ. ಆದರೆ ಹಸಿ ತರಕಾರಿಗೆ ತೆರಿಗೆಯೇ ಇಲ್ಲ. ಅಕೌಂಟಿಗೆ ಬಂದದ್ದೆಲ್ಲ ವ್ಯಾಪಾರದ ದುಡ್ಡೂ ಅಲ್ಲ. ತಮ್ಮ ವಾಪಸ್ ಕೊಟ್ಟ ಕೈಸಾಲವೂ ಅದರಲ್ಲೇ ಇರುತ್ತೆ. ಅದನ್ನ ಬೇರೆ ಮಾಡಿ ತೋರಿಸೋಕೆ ಬರದೆ ಜನ ಹೆದರಿದ್ರು.

ಮೇಷ್ಟ್ರು ರಾತ್ರಿ ಒಂಬತ್ತಕ್ಕೆ, ಅಂಗಡಿ ಬಾಗಿಲು ಹಾಕೋ ಹೊತ್ತಿಗೆ, ಒಂದು ಬ್ಯಾಚ್ ಶುರು ಮಾಡಿದ್ರು. ಪುಸ್ತಕ ಇಲ್ಲ, ಸರ್ಟಿಫಿಕೇಟ್ ಇಲ್ಲ. ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ನಿಮ್ಮ ಖರೀದಿ ಬಿಲ್ ತನ್ನಿ, ಅಷ್ಟೇ. ಯೂಟ್ಯೂಬ್ ನಿಮ್ಮ ಬಿಲ್ ನೋಡಲ್ವಲ್ಲ! ಸೆಪ್ಟೆಂಬರ್ 22ರಿಂದ ಬಹುತೇಕ ಸರಕಿಗೆ ಶೇ 5, ಶೇ 18 ಅಂತ ಎರಡೇ ದರ ಆದಾಗ ಅವರೇ ಮತ್ತೆ ಬಂದರು: “ಸಾರ್, ಹಳೇ ಸ್ಟಾಕಿಗೆ ಯಾವ ರೇಟು?” ಮಾರೋ ದಿನದ ರೇಟು.

ಹಳೇ ಆದಾಯ ಮಾತ್ರ ವಾಪಸ್ ಬಂದಿಲ್ಲ. ಖಾಸಗಿ ಕೋಚಿಂಗ್ ಫೀಸಿಗೆ ಶೇ 18 ಜಿಎಸ್‌ಟಿ ಇದ್ರೂ, ಇವರ ವಹಿವಾಟು 20 ಲಕ್ಷದ ಹತ್ತಿರವೂ ಇಲ್ಲ. ಜಿಎಸ್‌ಟಿ ಹೇಳಿಕೊಡೋರಿಗೇ ಜಿಎಸ್‌ಟಿ ಇಲ್ಲ, ನೋಡಿ.

ಹಗಲು ಬ್ಯಾಚಿನ ಹುಡುಗರು ಕಮ್ಮಿ. ಅವರಿಗೂ ಈಗ ನಿಜವಾದ ಬಿಲ್ಲಲ್ಲೇ ಪಾಠ, ಅಂಗಡಿ ಹೆಸರು ಮುಚ್ಚಿ. ನೀವು ಎಲ್ಲಾದ್ರೂ ಸೇರೋ ಯೋಚನೆಯಲ್ಲಿದ್ರೆ, ಫೀಸ್ ಕಟ್ಟೋ ಮೊದಲು ಕೇಳಿ: ಒಂದು ತಿಂಗಳ ರಿಟರ್ನ್ ನನ್ನ ಕೈಯಲ್ಲೇ ಪೂರ್ತಿ ತಯಾರಿ ಮಾಡಿಸ್ತೀರಾ? ‘ನೋಡೋಣ’ ಅಂದ್ರೆ, ಪಕ್ಕದ ಕ್ಲಾಸಲ್ಲಿ ವಿಚಾರಿಸಿ.