ಬಾಕಿ ಪಟ್ಟಿಯ ಅಂಕಿಗಳು ತಪ್ಪುವುದೇಕೆ?

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



2,000 ರೂಪಾಯಿಗಿಂತ ಹೆಚ್ಚು ಮನೆ ಕಂದಾಯ ಬಾಕಿ ಇರುವವರ ಪಟ್ಟಿಯನ್ನು ಗ್ರಾಮ ಸಭೆಯಲ್ಲಿ ಓದಲಾಗುತ್ತಿದೆ ಎಂದು ಭಾವಿಸಿ. 300 ರೂಪಾಯಿ ಬಾಕಿಯುಳ್ಳ ಬಡ ಕುಟುಂಬದ ಹೆಸರು ಅದರಲ್ಲಿದೆ. 10,000 ರೂಪಾಯಿ ಬಾಕಿಯುಳ್ಳವರ ಹೆಸರಿಲ್ಲ. ಸಭೆಯು ಇದನ್ನು ಪಕ್ಷಪಾತವೆಂದೇ ತಿಳಿಯುತ್ತದೆ. ಆದರೆ ದೋಷವು ದತ್ತಾಂಶದ ಬಗೆಯಲ್ಲಿಯೂ ಇರಬಹುದು.

ಗಣಕದ ದತ್ತಸಂಚಯದಲ್ಲಿ ಪ್ರತಿ ಅಂಕಣಕ್ಕೂ ಸಂಖ್ಯೆ, ಪಠ್ಯ ಮುಂತಾದ ಬಗೆಯನ್ನು ಗೊತ್ತುಪಡಿಸಿರುತ್ತಾರೆ. ಮೊತ್ತದ ಅಂಕಣ ಪಠ್ಯವಾಗಿದ್ದರೆ, ಗಣಕವು ಮೊತ್ತಗಳನ್ನು ನಿಘಂಟಿನ ಪದಗಳಂತೆ ಮೊದಲ ಚಿಹ್ನೆಯಿಂದ ಹೋಲಿಸುತ್ತದೆ. ಆಗ 3ರಿಂದ ಆರಂಭವಾಗುವ 300 ದೊಡ್ಡದಾಗುತ್ತದೆ. 1ರಿಂದ ಆರಂಭವಾಗುವ 10000 ಚಿಕ್ಕದಾಗುತ್ತದೆ.

ಮೊತ್ತದ ಅಂಕಣದಲ್ಲಿ ‘1,250/-’ ಅಥವಾ ‘ಇಲ್ಲ’ ಎಂದು ನಮೂದಿಸುವುದೇ ಇದಕ್ಕೆ ಸಾಮಾನ್ಯ ಕಾರಣ. ಇಂತಹ ನಮೂದನ್ನು ಕೂಡಲು ಹೋದಾಗ ಕೆಲವು ತಂತ್ರಾಂಶಗಳು ದೋಷ ಸೂಚಿಸಿ ನಿಲ್ಲುತ್ತವೆ. ಕೆಲವು ಅಲ್ಪವಿರಾಮದವರೆಗೆ ಓದಿ 1,250ನ್ನು ಕೇವಲ 1 ಎಂದು ಎಣಿಸುತ್ತವೆ. ನಿಲ್ಲುವುದೇ ಲೇಸು, ಸದ್ದಿಲ್ಲದೆ ಬರುವ ತಪ್ಪು ಮೊತ್ತ ಹೆಚ್ಚು ಅಪಾಯಕರ.

ಖಾಲಿ ಬಿಟ್ಟ ಮನೆಯೂ ಸೊನ್ನೆಯೂ ದತ್ತಸಂಚಯದಲ್ಲಿ ಒಂದೇ ಅಲ್ಲ. ವಸೂಲಿಯ ಅಂಕಣ ಖಾಲಿಯಿದ್ದರೆ, ಬೇಡಿಕೆಯಿಂದ ಅದನ್ನು ಕಳೆದ ಉತ್ತರವೂ ಖಾಲಿಯೇ. ಹೀಗೆ ಏನನ್ನೂ ಪಾವತಿಸದವರೇ ಬಾಕಿ ಪಟ್ಟಿಯಿಂದ ಮರೆಯಾಗುತ್ತಾರೆ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಬ್ಯಾಂಕ್ ಖಾತೆ ಸಂಖ್ಯೆ ಮತ್ತು ಸರ್ವೆ ನಂಬರುಗಳು ಕೂಡಿ ಕಳೆಯುವ ಅಂಕಿಗಳಲ್ಲ, ಗುರುತುಗಳು. ಅವು ಪಠ್ಯವಾಗಿಯೇ ಇರಬೇಕು. ಎಕ್ಸೆಲ್ ಹಾಳೆಯಲ್ಲಿ ಸಂಖ್ಯೆಯಾಗಿ ನಮೂದಿಸಿದರೆ ಖಾತೆಯ ಮೊದಲ ಸೊನ್ನೆ ಅಳಿಯುತ್ತದೆ. 15 ಅಂಕಿಗಳ ನಂತರದವು ಸೊನ್ನೆಯಾಗುತ್ತವೆ. ಕೂಲಿಕಾರರ ಹಣ ತಡೆಯಲು ಇಷ್ಟೇ ಸಾಕು. ಸರ್ವೆ ನಂಬರು 12/3 ದಿನಾಂಕವಾಗಿ ಬದಲಾಗಬಹುದು.

ಪರಿಹಾರಕ್ಕೆ ಕ್ರಮವಿದೆ. ಮೊದಲು ದತ್ತಾಂಶದ ಪ್ರತಿಯನ್ನು ತೆಗೆದಿರಿಸಬೇಕು. ಮೊತ್ತದ ಅಂಕಣದಲ್ಲಿ ಅಂಕಿಯಲ್ಲದ ಚಿಹ್ನೆಯುಳ್ಳ ಹಾಗೂ ಖಾಲಿಯಿರುವ ಸಾಲುಗಳನ್ನು ಪ್ರತ್ಯೇಕಿಸಬೇಕು. ಅವುಗಳನ್ನು ರಸೀದಿ ಪುಸ್ತಕದೊಂದಿಗೆ ತಾಳೆ ನೋಡಿ ತಿದ್ದಬೇಕು. ಊಹೆಯಿಂದ ಸೊನ್ನೆ ತುಂಬಬಾರದು. ಬಳಿಕವೇ ಅಂಕಣವನ್ನು ಪೈಸೆಗೆ ಎರಡು ದಶಮಾಂಶ ಸ್ಥಾನಗಳುಳ್ಳ ಸಂಖ್ಯೆಯಾಗಿ ಪರಿವರ್ತಿಸಿ, ಒಟ್ಟು ವಸೂಲಿಯನ್ನು ನಗದು ಪುಸ್ತಕದೊಂದಿಗೆ ಹೋಲಿಸಬೇಕು.

ಸದಸ್ಯರು ಗಣಕದ ಭಾಷೆಯನ್ನು ಕಲಿಯಬೇಕಿಲ್ಲ. ಪಟ್ಟಿಯನ್ನು ಓದುವ ಮುನ್ನ ಅತಿ ಹೆಚ್ಚು ಬಾಕಿಯ ಐದು, ಅತಿ ಕಡಿಮೆ ಬಾಕಿಯ ಐದು ಹಾಗೂ ಏನನ್ನೂ ಪಾವತಿಸದ ಐದು ಮನೆಗಳನ್ನು ಬೇಡಿಕೆ ವಹಿಯಿಂದ ಆರಿಸಿ, ಪಟ್ಟಿಯಲ್ಲಿ ಹುಡುಕಿಸಿರಿ. ಒಂದು ಹೆಸರು ತಪ್ಪಿದರೂ ಅಂದು ಆ ಪಟ್ಟಿಯನ್ನು ಓದದಿರುವುದು ಉಚಿತ.