ರಕ್ತದೊಳಗಿನ ಉರಿಯೂತ ಮತ್ತು ಮೆದುಳಿನ ರಕ್ತನಾಳ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಸಭೆಯಲ್ಲಿ ವೈದ್ಯರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ಒಂದು ದಿನವೂ ಬಾಗಿಲು ಹಾಕದೆ ನಡೆದ ಸಂಘ ನಿಮ್ಮದು. ಕಾರ್ಯದರ್ಶಿಗಳು "ಲಕ್ವದ ಬಗ್ಗೆ ನಾಲ್ಕು ಮಾತು ಹೇಳಿ ಡಾಕ್ಟ್ರೇ" ಅಂದಿದ್ದರು. ಅದನ್ನೇ ಹೇಳುತ್ತೇನೆ, ಆದರೆ ಸ್ವಲ್ಪ ಬೇರೆ ದಾರಿಯಿಂದ ಬರುತ್ತೇನೆ.

ಈಚೆಗೆ ಊರೂರಿಗೆ ರಕ್ತ ಪರೀಕ್ಷೆಯವರು ಬರುತ್ತಿದ್ದಾರೆ. ಒಂದೇ ಸಲ ರಕ್ತ ಕೊಟ್ಟರೆ ಎಪ್ಪತ್ತು ಎಂಬತ್ತು ಪರೀಕ್ಷೆ, ಇಷ್ಟು ಹಣ ಅಂತ ಪ್ಯಾಕೇಜು. ಮಾರನೆಯ ದಿನ ಹತ್ತು ಪುಟದ ರಿಪೋರ್ಟು ಬರುತ್ತದೆ. ಅದರೊಳಗೆ "ಹೆಚ್.ಎಸ್. ಸಿ.ಆರ್.ಪಿ." ಅಂತ ಒಂದು ಸಾಲು, ಮುಂದೆ ದಪ್ಪಕ್ಷರದಲ್ಲಿ ಒಂದು ಅಂಕಿ. "ಡಾಕ್ಟ್ರೇ, ಇದು ಜಾಸ್ತಿ ಇದೆಯಂತೆ, ನನಗೆ ಲಕ್ವ ಹೊಡೀತದಾ?" ಅಂತ ಗಾಬರಿಯಿಂದ ಬರುವವರು ಒಂದು ಕಡೆ. "ಇದು ನಾರ್ಮಲ್ ಬಂದಿದೆ, ಇನ್ನು ಬಿ.ಪಿ. ಮಾತ್ರೆ ಯಾಕೆ?" ಅಂತ ಮಾತ್ರೆ ಬಿಟ್ಟವರು ಇನ್ನೊಂದು ಕಡೆ. ಮೊದಲನೆಯವರಿಗಿಂತ ಎರಡನೆಯವರ ಬಗ್ಗೆಯೇ ನನಗೆ ಹೆಚ್ಚು ಭಯ.

ಈ ಸಿ.ಆರ್.ಪಿ. ಅಂದರೇನು? ನೀವು ಹಾಲಿನವರು, ನಿಮಗೆ ಸುಲಭವಾಗಿ ಅರ್ಥವಾಗುತ್ತದೆ. ಹಸುವಿಗೆ ಕೆಚ್ಚಲು ಬಾವು ಬಂದರೆ ಕೆಚ್ಚಲು ಊದಿಕೊಳ್ಳುತ್ತದೆ, ಬಿಸಿಯಾಗುತ್ತದೆ, ಕೈ ಇಟ್ಟರೆ ಒದೆಯುತ್ತದೆ. ಅದು ಕಣ್ಣಿಗೆ ಕಾಣುವ ಬಾವು. ಇನ್ನೊಂದು ಬಗೆ ಇದೆ. ಹೊರಗೆ ಏನೂ ಕಾಣುವುದಿಲ್ಲ, ಹಾಲೂ ಬೆಳ್ಳಗೇ ಇರುತ್ತದೆ, ಆದರೆ ಹಾಲು ದಿನದಿನಕ್ಕೆ ಕಡಿಮೆಯಾಗುತ್ತದೆ. ಆಗ ಪಶುವೈದ್ಯರು ನಾಲ್ಕು ಬಟ್ಟಲಿನ ತಟ್ಟೆಯಲ್ಲಿ ನಾಲ್ಕು ಮೊಲೆಯ ಹಾಲು ಕರೆದು, ಒಂದು ದ್ರಾವಣ ಹಾಕಿ ಅಲ್ಲಾಡಿಸುತ್ತಾರೆ. ಬಾವು ಇರುವ ಮೊಲೆಯ ಹಾಲು ಲೋಳೆಯಂತೆ ಗಟ್ಟಿಯಾಗುತ್ತದೆ. ಮನುಷ್ಯನ ದೇಹದೊಳಗೂ ಹೀಗೆ ಹೊರಗೆ ಕಾಣದ ಬಾವು ಇರುತ್ತದೆ. ಅದಕ್ಕೆ ಉರಿಯೂತ ಅನ್ನುತ್ತೇವೆ. ಅದರ ಗುರುತು ರಕ್ತದಲ್ಲಿ ಸಿಗುತ್ತದೆ.

ಸಿ.ಆರ್.ಪಿ. ಒಂದು ಪ್ರೋಟೀನು. 1930ರಲ್ಲಿ ಅಮೆರಿಕದ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡುಹಿಡಿದರು. ಇದನ್ನು ತಯಾರಿಸುವುದು ಯಕೃತ್ತು, ಅಂದರೆ ಲಿವರ್. ದೇಹದಲ್ಲಿ ಎಲ್ಲಿ ಬಾವಾದರೂ ಅಲ್ಲಿಂದ ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕ ಸುದ್ದಿ ಹೊರಡುತ್ತದೆ, ಲಿವರ್ ಸಿ.ಆರ್.ಪಿ. ಮಾಡಲು ಶುರುಮಾಡುತ್ತದೆ. ದೊಡ್ಡ ಸೋಂಕಿನಲ್ಲಿ ಎರಡು ದಿನದೊಳಗೆ ನೂರಾರು ಪಟ್ಟು ಏರಬಲ್ಲದು, ವಾಸಿಯಾದ ಮೇಲೆ ಬೇಗ ಇಳಿದೂಬಿಡುತ್ತದೆ. ಹಳೆಯ ಇ.ಎಸ್.ಆರ್. ಪರೀಕ್ಷೆ ನಿಮಗೆಲ್ಲ ಗೊತ್ತು, ಅದೂ ಇದೇ ಜಾತಿಯದು, ಆದರೆ ಅದು ಏರುವುದೂ ನಿಧಾನ, ಇಳಿಯುವುದೂ ನಿಧಾನ.

ಈಗ ಮೆದುಳಿಗೆ ಬರೋಣ. ನಮ್ಮ ತೂಕದಲ್ಲಿ ಮೆದುಳು ನೂರಕ್ಕೆ ಎರಡು ಪಾಲು, ಆದರೆ ಹೃದಯ ಕಳಿಸುವ ರಕ್ತದಲ್ಲಿ ನೂರಕ್ಕೆ ಹದಿನೈದು ಪಾಲು ಅದಕ್ಕೇ ಬೇಕು. ಕತ್ತಿನಿಂದ ನಾಲ್ಕು ನಾಳ ಮೇಲಕ್ಕೆ ಹೋಗಿ ತಲೆಬುರುಡೆಯ ಬುಡದಲ್ಲಿ ಒಂದು ಬಳೆಯಂತೆ ಕೂಡಿಕೊಳ್ಳುತ್ತವೆ. 1664ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಅದನ್ನು ವಿವರಿಸಿದ್ದರಿಂದ ವಿಲ್ಲಿಸನ ವೃತ್ತ ಅನ್ನುತ್ತಾರೆ. ಅಲ್ಲಿಂದ ಎರಡೂ ಬದಿಗೆ ಹೊರಡುವ ಮುಖ್ಯ ಕಾಲುವೆಗಳ ಒಳ ಅಗಲ ಸುಮಾರು ಮೂರು ಮಿಲಿಮೀಟರ್ ಅಷ್ಟೆ. ಡ್ರಿಪ್ ಪೈಪಿನ ಕಡ್ಡಿನಾಳ ಇದ್ದಂತೆ ಅಂದುಕೊಳ್ಳಿ.

ಈ ನಾಳದ ಒಳಗೋಡೆಯಲ್ಲಿ ಕೊಬ್ಬು ಸೇರುತ್ತದೆ. ಪೈಪಿನಲ್ಲಿ ಪಾಚಿ ಕಟ್ಟಿದ ಹಾಗೆ ಅಂತ ಹಿಂದೆ ಎಲ್ಲರೂ ಉದಾಹರಣೆ ಕೊಡುತ್ತಿದ್ದರು. ಅದು ಪೂರ್ತಿ ಸರಿಯಲ್ಲ. ಪೈಪು ಜೀವ ಇಲ್ಲದ್ದು, ನಾಳದ ಗೋಡೆ ಜೀವ ಇರುವುದು. ಕೊಬ್ಬು ಒಳಗೆ ಹೊಕ್ಕಾಗ ಬಿಳಿ ರಕ್ತಕಣಗಳು ಅದನ್ನು ತಿನ್ನಲು ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತವೆ, ಗೋಡೆ ಊದಿಕೊಳ್ಳುತ್ತದೆ, ಮೇಲೊಂದು ಹೆಕ್ಕಳೆ ಕಟ್ಟುತ್ತದೆ. ಅಂದರೆ ಅದೂ ಒಂದು ಬಾವೇ. ಒಳಗೆ ಉರಿಯೂತ ಜೋರಾದರೆ ಹೆಕ್ಕಳೆ ತೆಳುವಾಗಿ ಒಡೆಯುತ್ತದೆ, ಒಡೆದ ಕಡೆ ರಕ್ತ ಹೆಪ್ಪುಗಟ್ಟುತ್ತದೆ, ಮುಂದಿನ ಗದ್ದೆಗೆ ನೀರಿಲ್ಲ. ಅದೇ ಲಕ್ವ. ಬಿಳಿಯರಲ್ಲಿ ಹೆಚ್ಚಾಗಿ ಕತ್ತಿನ ನಾಳ ಕಟ್ಟುತ್ತದೆ. ನಮ್ಮಂಥ ಏಷ್ಯಾದ ಜನರಲ್ಲಿ ತಲೆಬುರುಡೆಯ ಒಳಗಿನ ನಾಳವೇ ಕಿರಿದಾಗುವುದು ಅವರಿಗಿಂತ ಹೆಚ್ಚು. ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರಲ್ಲಂತೂ ಇನ್ನೂ ಹೆಚ್ಚು.

ಹಾಗಾದರೆ ರಕ್ತದಲ್ಲಿ ಗುರುತು ನೋಡಿ ಮೊದಲೇ ಹೇಳಬಹುದಲ್ಲ? ವಿಜ್ಞಾನಿಗಳಿಗೂ ಇದೇ ಆಸೆ. 1997ರಲ್ಲಿ ಅಮೆರಿಕದ ಪಾಲ್ ರಿಡ್ಕರ್ ಮತ್ತು ಸಂಗಡಿಗರು ಒಂದು ಲೆಕ್ಕ ಪ್ರಕಟಿಸಿದರು. ಆರೋಗ್ಯವಾಗಿದ್ದ ಗಂಡಸರಲ್ಲಿ ಯಾರ ಸಿ.ಆರ್.ಪಿ. ಮೇಲ್ಮಟ್ಟದಲ್ಲಿತ್ತೋ ಅವರಿಗೆ ಮುಂದೆ ಹೃದಯಾಘಾತ, ಲಕ್ವ ಹೆಚ್ಚು ಬಂದಿತ್ತು. 2003ರಲ್ಲಿ ಸ್ಪೇನಿನ ಬಾರ್ಸಿಲೋನಾದ ವೈದ್ಯರು ಮೆದುಳಿನ ಒಳನಾಳ ಕಿರಿದಾಗಿದ್ದ ಎಪ್ಪತ್ತು ಚಿಲ್ಲರೆ ರೋಗಿಗಳನ್ನು ಹಿಂಬಾಲಿಸಿ ನೋಡಿದರು. ಅಲ್ಲೂ ಸಿ.ಆರ್.ಪಿ. ಹೆಚ್ಚಿದ್ದವರಿಗೇ ಮತ್ತೆ ಮತ್ತೆ ತೊಂದರೆ. ಆದ್ದರಿಂದ ಸಂಬಂಧ ಇದೆ ಅನ್ನುವುದು ಸುಳ್ಳಲ್ಲ.

ಆದರೆ ಸಂಬಂಧ ಇರುವುದು ಬೇರೆ, ಕಾರಣವಾಗಿರುವುದು ಬೇರೆ. ಹುಟ್ಟಿನಿಂದಲೇ ಸಿ.ಆರ್.ಪಿ. ಸ್ವಲ್ಪ ಜಾಸ್ತಿ ಇರುವ ಮನೆತನಗಳುಂಟು, ಅವರಿಗೆ ಆ ಕಾರಣಕ್ಕೇ ಹೃದಯದ ಕಾಯಿಲೆ ಹೆಚ್ಚಿಲ್ಲ ಅಂತ ವಂಶವಾಹಿಯ ಅಧ್ಯಯನಗಳಲ್ಲಿ ಕಂಡಿದೆ. ಅಂದರೆ ಸಿ.ಆರ್.ಪಿ. ಬೆಂಕಿಯಲ್ಲ, ಹೊಗೆ. ಆ ಹೊಗೆಯಾದರೂ ಯಾವ ಒಲೆಯದು ಅಂತ ಅದು ಹೇಳುವುದಿಲ್ಲ. ಹಲ್ಲಿನ ವಸಡಿನಲ್ಲಿ ಕೀವಿದ್ದರೆ ಏರುತ್ತದೆ. ಬೀಡಿ ಸೇದಿದರೆ ಏರುತ್ತದೆ. ಹೊಟ್ಟೆಯ ಬೊಜ್ಜಿನಿಂದ ಏರುತ್ತದೆ. ಕಾಲಿನ ಹುಣ್ಣು, ಕೀಲುಬಾವು, ನೆಗಡಿ ಜ್ವರ ಯಾವುದರಿಂದಲೂ ಏರುತ್ತದೆ. ಲಕ್ವ ಹೊಡೆದ ಮೇಲೆ ಮೆದುಳಿಗೆ ಪೆಟ್ಟಾಗಿದ್ದಕ್ಕೇ ಏರುತ್ತದೆ!

ಲೆಕ್ಕಕ್ಕಾಗಿ ಹೇಳುತ್ತೇನೆ: ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 1ರಿಂದ 3 ನಡುವಿನದು, 3ರ ಮೇಲೆ ಹೆಚ್ಚು. 10 ದಾಟಿದರೆ ನಾಳದ ಮಾತು ಬಿಡಿ, ಎಲ್ಲೋ ಸೋಂಕಿರಬಹುದು, ಅದನ್ನು ನೋಡಿಸಿ ಎರಡು ಮೂರು ವಾರ ಬಿಟ್ಟು ಮತ್ತೆ ಮಾಡಿಸಬೇಕು. ನಾಳ ನಿಜವಾಗಿ ಕಿರಿದಾಗಿದೆಯೋ ಇಲ್ಲವೋ ಅನ್ನುವುದು ರಕ್ತದಿಂದ ತಿಳಿಯುವುದೇ ಇಲ್ಲ. ಅದಕ್ಕೆ ಎಂ.ಆರ್. ಅಥವಾ ಸಿ.ಟಿ. ಆಂಜಿಯೋಗ್ರಾಂ ಬೇಕು. ಅದೂ ಎಲ್ಲರಿಗಲ್ಲ, ಲಕ್ಷಣ ಕಂಡವರಿಗೆ.

ಉರಿಯೂತ ಇಳಿಸುವ ಔಷಧವನ್ನೇ ಕೊಟ್ಟು ನೋಡಿದ್ದಾರೆ. 2008ರಲ್ಲಿ ಜುಪಿಟರ್ ಎಂಬ ಪ್ರಯೋಗದಲ್ಲಿ, ಕೊಲೆಸ್ಟ್ರಾಲ್ ಹೆಚ್ಚಿಲ್ಲದ, ಆದರೆ ಸಿ.ಆರ್.ಪಿ. 2ಕ್ಕಿಂತ ಮೇಲಿದ್ದ 17,802 ಜನರಲ್ಲಿ ಅರ್ಧ ಜನಕ್ಕೆ ರೋಸುವಾಸ್ಟಾಟಿನ್ ಕೊಟ್ಟರು. ಲಕ್ವ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಆ ಮಾತ್ರೆ ಕೊಲೆಸ್ಟ್ರಾಲನ್ನೂ ಇಳಿಸುತ್ತದೆ, ಹಾಗಾಗಿ ಯಾವುದರ ಫಲ ಅಂತ ಜಗಳ. 2017ರಲ್ಲಿ ಕೊಲೆಸ್ಟ್ರಾಲ್ ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸುವ ಇಂಜೆಕ್ಷನ್ ಕೊಟ್ಟರು. ಹೃದಯಾಘಾತವೇ ಮೊದಲಾದ ಅವಘಡ ನೂರಕ್ಕೆ ಹದಿನೈದರಷ್ಟು ಕಡಿಮೆಯಾಯಿತು, ಆದರೆ ಸೋಂಕಿನಿಂದ ಸತ್ತವರು ಹೆಚ್ಚಾದರು. 2024ರಲ್ಲಿ ಕಾಲ್ಚಿಸಿನ್ ಎಂಬ ಹಳೆಯ ಕೀಲುನೋವಿನ ಮಾತ್ರೆಯನ್ನು ಲಕ್ವ ಆದವರಿಗೆ ಕೊಟ್ಟ ಎರಡು ದೊಡ್ಡ ಪ್ರಯೋಗಗಳಲ್ಲೂ ನಿಚ್ಚಳ ಲಾಭ ಕಾಣಲಿಲ್ಲ. ಉರಿಯೂತಕ್ಕೆಂದೇ ಬೇರೆ ಮಾತ್ರೆ ತಗೊಳ್ಳಿ ಅಂತ ನಾನಂತೂ ನಿಮಗೆ ಹೇಳಲಾರೆ.

"ಹೃದಯಕ್ಕೆ ಸ್ಟೆಂಟ್ ಹಾಕ್ತಾರಲ್ಲ, ಮೆದುಳಿಗೂ ಹಾಕಿಸಿದರಾಯಿತು, ಜಮೀನು ಮಾರಿಯಾದರೂ ಹಾಕಿಸ್ತೀವಿ" ಅನ್ನುವ ಮಕ್ಕಳಿದ್ದಾರೆ. ದಯವಿಟ್ಟು ಈ ಮಾತನ್ನು ಗಮನವಿಟ್ಟು ಕೇಳಿ. 2011ರಲ್ಲಿ ಅಮೆರಿಕದ ಸ್ಯಾಂಪ್ರಿಸ್ ಪ್ರಯೋಗದಲ್ಲಿ ಮೆದುಳಿನ ನಾಳ ತೀರಾ ಕಿರಿದಾಗಿದ್ದ 451 ಜನರಿದ್ದರು. ಅರ್ಧ ಜನಕ್ಕೆ ಸ್ಟೆಂಟ್ ಮತ್ತು ಮಾತ್ರೆ, ಉಳಿದರ್ಧಕ್ಕೆ ಬರೀ ಮಾತ್ರೆ. ಒಂದು ತಿಂಗಳೊಳಗೆ ಲಕ್ವ ಅಥವಾ ಸಾವು ಸ್ಟೆಂಟ್ ಹಾಕಿದವರಲ್ಲಿ ನೂರಕ್ಕೆ 14.7, ಮಾತ್ರೆಯವರಲ್ಲಿ 5.8. ಪ್ರಯೋಗಕ್ಕೆ ಹೊಸ ರೋಗಿಗಳನ್ನು ಸೇರಿಸುವುದನ್ನೇ ನಡುವೆ ನಿಲ್ಲಿಸಿದರು. ಗೆದ್ದ ಕಡೆಯವರು ಮಾಡಿದ್ದೇನು? ರಕ್ತ ತೆಳುವಾಗಿಸುವ ಎರಡು ಮಾತ್ರೆ ಮೂರು ತಿಂಗಳು, ಆಮೇಲೆ ಆಸ್ಪಿರಿನ್ ಒಂದೇ. ಮೇಲಿನ ಬಿ.ಪಿ. 140ರ ಒಳಗೆ. ಕೆಟ್ಟ ಕೊಲೆಸ್ಟ್ರಾಲ್ 70ರ ಒಳಗೆ. ಬೀಡಿ ಸಿಗರೇಟು ಬಂದ್, ದಿನಾ ನಡಿಗೆ. ಜಮೀನು ಮಾರುವಂಥದ್ದು ಇದರಲ್ಲಿ ಯಾವುದೂ ಇಲ್ಲ. ಕೆಲವೇ ಕೆಲವರಿಗೆ ಸ್ಟೆಂಟ್ ಬೇಕಾಗಬಹುದು, ಅದನ್ನು ನರರೋಗ ತಜ್ಞರು ತೀರ್ಮಾನಿಸಲಿ.

ಸಹಕಾರ ಸಂಘದವರಿಗೆ 2003ರಲ್ಲಿ ಯಶಸ್ವಿನಿ ಬಂತು, 2018ರಲ್ಲಿ ಬೇರೆ ಯೋಜನೆಯೊಳಗೆ ಸೇರಿಹೋಯಿತು, 2022ರಲ್ಲಿ ಮತ್ತೆ ಶುರುವಾಯಿತು. ಒಳ್ಳೆಯದೇ. ಆದರೆ ಅದು ಮುಖ್ಯವಾಗಿ ಆಪರೇಷನ್ನಿಗಾಗಿ ಹುಟ್ಟಿದ ಯೋಜನೆ. ಲಕ್ವ ತಡೆಯುವುದು ದಿನಾ ನುಂಗುವ ಮಾತ್ರೆಯಿಂದ. ಬಿ.ಪಿ., ಸಕ್ಕರೆ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುತ್ತಾರೆ, ಉಳಿದವು ಜನೌಷಧಿ ಅಂಗಡಿಯಲ್ಲಿ ಅಗ್ಗ. ಪ್ಯಾಕೇಜಿಗೆ ಕೊಡುವ ಹಣದಲ್ಲಿ ಎಷ್ಟು ತಿಂಗಳ ಮಾತ್ರೆ ಬರುತ್ತದೆ ಅಂತ ನೀವೇ ಲೆಕ್ಕ ಹಾಕಿ, ಬಟವಾಡೆ ಲೆಕ್ಕದಲ್ಲಿ ನೀವು ನನಗಿಂತ ಗಟ್ಟಿ.

ಇನ್ನೊಂದು. ಹಾಲು ಕರೆಯುತ್ತಾ ಇದ್ದೆ, ಬಲಗೈ ಸೋತು ಚೊಂಬು ಜಾರಿತು, ಮಾತು ತೊದಲಿತು, ಹತ್ತು ನಿಮಿಷಕ್ಕೆ ಎಲ್ಲಾ ಸರಿಹೋಯಿತು ಅಂತ ಹೇಳುವವರುಂಟು. ಸರಿಹೋಯಿತಲ್ಲ ಅಂತ ಸುಮ್ಮನಾಗಬಾರದು. ಕಿರಿದಾದ ನಾಳ ಕೊಡುವ ನೋಟೀಸು ಅದು. ದೊಡ್ಡ ಲಕ್ವ ಮುಂದಿನ ಎರಡು ದಿನದಲ್ಲೇ ಬರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು. ಬಾಯಿ ಸೊಟ್ಟಗಾಗಿ, ಕೈ ಎತ್ತಲಾಗದೆ ಬಿದ್ದವರನ್ನು ಪಾರಿವಾಳದ ರಕ್ತ ಹಚ್ಚಿಸಲು ಕರೆದೊಯ್ದರೆ ಹೊತ್ತು ಹೋಗುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಮಾತ್ರ. ಅದಕ್ಕೂ ಮುಂಚೆ ಸಿ.ಟಿ. ಆಗಬೇಕು. ರಕ್ತ ಸೋರಿಯೂ ಲಕ್ವ ಆಗುತ್ತದೆ, ಆದ್ದರಿಂದ ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ, ಬಾಯಿಗೆ ನೀರೂ ಹಾಕಬೇಡಿ. 108ಕ್ಕೆ ಫೋನ್ ಮಾಡಿ, ಎಷ್ಟು ಗಂಟೆಗೆ ಶುರುವಾಯಿತು ಅಂತ ಗುರುತಿಟ್ಟುಕೊಂಡು ಹೇಳಿ.

ಹೊರಗೆ ಹಾಲು ಅಳೆಯುವ ಕಟ್ಟೆಯ ಪಕ್ಕ ನಮ್ಮ ಸಿಸ್ಟರ್ ಬಿ.ಪಿ. ಯಂತ್ರ ಇಟ್ಟುಕೊಂಡು ಕೂತಿದ್ದಾರೆ. ಮೂವತ್ತು ದಾಟಿದವರೆಲ್ಲ ಊಟಕ್ಕೆ ಮುಂಚೆ ಒಂದು ಸಲ ತೋಳು ಕೊಟ್ಟು ಬನ್ನಿ. ರಿಪೋರ್ಟು ತಂದವರು ನನ್ನ ಹತ್ತಿರ ಬನ್ನಿ, ಸಾಲು ಸಾಲೂ ಓದಿ ಹೇಳುತ್ತೇನೆ.