ಮೂಕವಾದ ಹಾರ್ನ್

ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆ 1950ರಲ್ಲಿ ತಯಾರಿಸತೊಡಗಿದ ವ್ಯಾನಿನಲ್ಲಿ ಹಾಸಿಗೆ, ಒಲೆಗಳನ್ನು ಅಳವಡಿಸಿಕೊಂಡು ದೇಶ ಸುತ್ತುವವರು ಇಂದಿಗೂ ಇದ್ದಾರೆ. ಮುಪ್ಪಡರಿದ ಆ ವಾಹನದ ಹಾರ್ನ್ ಬೆಟ್ಟದ ಕುರುಡು ತಿರುವಿನಲ್ಲಿ ಮೂಕವಾಯಿತೆಂದರೆ ಅದು ಪ್ರಾಣದ ಪ್ರಶ್ನೆಯೇ ಸರಿ.

ಕೇಳುಗರೆ, ಹೊಸ ಹಾರ್ನ್ ಕೊಳ್ಳುವ ಮುನ್ನ ವಿದ್ಯುತ್ತು ಹರಿಯುವ ದಾರಿಯನ್ನು ಅರಿಯಬೇಕು. 1967ರ ಆಗಸ್ಟಿನ ನಂತರದ 12 ವೋಲ್ಟ್ ವ್ಯಾನುಗಳಲ್ಲಿ ವಿದ್ಯುತ್ತು ಫ್ಯೂಸನ್ನು ಹಾಯ್ದು ನೇರವಾಗಿ ಹಾರ್ನಿಗೆ ಬರುತ್ತದೆ. ಅದು ಗಾಡಿಯ ಮೈಗೆ ಮರಳುವ ದಾರಿಯನ್ನು ತೆರೆಯುವುದಷ್ಟೇ ಸ್ಟೀರಿಂಗಿನ ಗುಂಡಿಯ ಕೆಲಸ.

ಆದುದರಿಂದ ಮೊದಲು ಫ್ಯೂಸನ್ನು ನೋಡಿ. ಬಳಿಕ ಕೀಲಿ ತಿರುಗಿಸಿ, ಪರೀಕ್ಷಾ ದೀಪದ ಒಂದು ತುದಿಯನ್ನು ಗಾಡಿಯ ಮೈಗೂ ಇನ್ನೊಂದನ್ನು ಹಾರ್ನಿಗೆ ವಿದ್ಯುತ್ತು ತರುವ ತಂತಿಗೂ ಮುಟ್ಟಿಸಿ. ದೀಪ ಹತ್ತದಿದ್ದರೆ ದೋಷ ಆ ದಾರಿಯಲ್ಲಿಯೇ ಇದೆ. ಹತ್ತಿದರೆ, ಹಾರ್ನಿನ ಮತ್ತೊಂದು ಕೊನೆಯನ್ನು ತುಂಡು ತಂತಿಯಿಂದ ಗಾಡಿಯ ಮೈಗೆ ಸೇರಿಸಿ. ಕೂಗಿತೋ, ಹಾರ್ನ್ ನಿರ್ದೋಷಿ. ಗುಂಡಿಯಲ್ಲೋ ಸ್ಟೀರಿಂಗಿನ ಕಂಬದಲ್ಲೋ ಸಂಪರ್ಕ ಕಡಿದಿದೆ. ಕೂಗದಿದ್ದರೆ, ಗಾಡಿಯಡಿಯಲ್ಲಿ ಕೆಸರುನೀರು ಕುಡಿದ ಹಾರ್ನಿನ ಒಳಗೆ ತುಕ್ಕು ಹಿಡಿದಿರಬಹುದು.

ಹೊಸ ಹಾರ್ನ್ ಕೂರಿಸಿ, ಅದೂ ಕೂಗದಿದ್ದಾಗಲೇ ಗುಂಡಿಯತ್ತ ನೋಡುವವರು ಹಲವರು. ಹತ್ತು ನಿಮಿಷಗಳ ಈ ಪರೀಕ್ಷೆ ಆ ದುಂದನ್ನು ತಪ್ಪಿಸೀತು.